ತಾತನಿಗೆ ಭೂತಕಾಲ

ಹಾಸನದಲ್ಲಿ ನಲ್ಲಿ ರಿಪೇರಿಯವನಿಗೆ ಫೋನ್ ಮಾಡಿದರೆ "ಬಂದೆ ಸಾರ್" ಅನ್ನುತ್ತಾನೆ. ಆಗ ಅವನಿನ್ನೂ ಮನೆಯಿಂದ ಹೊರಟೇ ಇರುವುದಿಲ್ಲ. ಇಂಥ ಊರಲ್ಲಿ ಬೆಳೆಯುವ ಮಕ್ಕಳಿಗೆ ಇಂಗ್ಲಿಷ್ ಟೆನ್ಸ್ ಹೇಳಿಕೊಡುವ ಕೆಲಸ ನನ್ನದು. ಮೂರು ಕಾಲ, ಒಂದೊಂದಕ್ಕೂ ನಾಲ್ಕು ರೂಪ, ಒಟ್ಟು 12. ನಮಗೋ, ಇವತ್ತಿಗೂ ನಾಳೆಗೂ "ಬರ್ತೀನಿ" ಒಂದೇ ಸಾಕು.

ಎರಡನೇ ಕ್ಲಾಸಿನ ಮಗನದು ಒಂದೇ ಹಟ. ಪ್ಲೇ ಹೋಗಿ ಪ್ಲೇಡ್ ಆದಮೇಲೆ, ಗೋ ಯಾಕೆ ಗೋಡ್ ಆಗಬಾರದು? ಪುಟ್ ಮಾತ್ರ ಯಾವ ಕಾಲಕ್ಕೂ ಪುಟ್ ಅಂತ ಗೊತ್ತಾದಾಗ "ಇದು ಒಳ್ಳೇದು" ಎಂದು ಅದನ್ನು ಮೆಚ್ಚಿಕೊಂಡ.

ಪರ್ಫೆಕ್ಟ್ ಕಂಟಿನ್ಯುಯಸ್‌ಗೆ ನಾನು ಹಾಸನಾಂಬೆಯ ಮೊರೆಹೋದೆ. ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಗುರುವಾರ ಬಾಗಿಲು ತೆಗೆದಾಗ, ಹೋದ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ ಅನ್ನುವುದು ನಂಬಿಕೆ. ಇದಕ್ಕಿಂತ ಒಳ್ಳೆ ಉದಾಹರಣೆ ಲಂಡನ್ನಿನಲ್ಲೂ ಸಿಗಲಿಕ್ಕಿಲ್ಲ! "ದ ಲ್ಯಾಂಪ್ ಹ್ಯಾಸ್ ಬೀನ್ ಬರ್ನಿಂಗ್" ಅಂದೆ. "ಎಣ್ಣೆ ಮುಗಿಯಲ್ವಾ?" ಅಂದ ಮಗ. ಅಲ್ಲಿಂದ ಪಾಠವನ್ನು ಅಜ್ಜಿ ವಹಿಸಿಕೊಂಡರು. ವ್ಯಾಕರಣ ಅಲ್ಲಿಗೆ ಮುಗಿಯಿತು.

ಐದನೇ ಕ್ಲಾಸಿನ ಮಗಳದು ಬೇರೆ ಕಥೆ. ತಾತನ ಬಗ್ಗೆ ಬರೆದ ಪ್ಯಾರಾವನ್ನು ಪಾಸ್ಟ್ ಟೆನ್ಸಿಗೆ ಬದಲಿಸುವುದು ಹೋಮ್‌ವರ್ಕು. "ಮೈ ಗ್ರ್ಯಾಂಡ್‌ಫಾದರ್ ವಾಸ್ ಎ ಕೈಂಡ್ ಮ್ಯಾನ್. ಹಿ ಲೈಕ್ಡ್ ಕಾಫಿ. ವಿ ಲವ್ಡ್ ಹಿಮ್" ಎಂದು ಗಟ್ಟಿಯಾಗಿ ಓದುತ್ತಿದ್ದಳು. ಪಕ್ಕದಲ್ಲೇ ಸ್ಪೀಕರ್ ಆನ್ ಮಾಡಿಟ್ಟ ಫೋನು, ಆ ಕಡೆ ಸಕಲೇಶಪುರದ ಚಿಕ್ಕಮ್ಮ.

"ಅಯ್ಯೋ, ಭಾವ ಯಾವಾಗ ಹೋದ್ರೋ? ನಮಗೊಂದು ಮಾತು ಹೇಳ್ಬಾರ್ದಾ?"

ನಾನು ಬಾಯಿ ಬಿಡುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮಳೆಗಾಲದ ಸಕಲೇಶಪುರ ಅಲ್ವಾ. ನಮಗೆ ಸಿಗದ ನೆಟ್‌ವರ್ಕು ಚಿಕ್ಕಮ್ಮನಿಗೆ ಬೇರೆಲ್ಲಾ ಕಡೆಗೂ ಸಿಕ್ಕಿತ್ತು. ಸ್ವಲ್ಪ ಹೊತ್ತಿಗೆ ಬೇಲೂರಿನಿಂದ ಫೋನು, ಆಮೇಲೆ ಅರಸೀಕೆರೆಯಿಂದ. ಹೊಳೆನರಸೀಪುರದ ಕರೆಯನ್ನು ಅಪ್ಪನೇ ಎತ್ತಿದರು.

"ಎಷ್ಟೊತ್ತಿಗೆ ಎತ್ತೋದು?" ಎಂದಿತು ಆ ಕಡೆಯ ದನಿ.

"ಏನನ್ನ?"

"ಮಾತಾಡ್ತಿರೋದು ಯಾರು?"

"ನಾನೇ ಕಣಯ್ಯ."

ಫೋನ್ ಪಟ್ಟಂತ ಕಟ್ಟಾಯಿತು.

ಅಪ್ಪನಿಗೆ ಸಿಟ್ಟೇನೂ ಬರಲಿಲ್ಲ. ಕೈಂಡ್ ಮ್ಯಾನ್ ಅನ್ನಿಸಿಕೊಂಡ ಖುಷಿ ಜಾಸ್ತಿ ಇತ್ತು. ಮೊಮ್ಮಗಳನ್ನು ಕರೆದು, "ಆ ವಾಸ್ ತೆಗೆದು ಈಸ್ ಹಾಕು ಪುಟ್ಟಿ. ನಿಮ್ಮಜ್ಜಿಗೂ ಕೇಳಿಸೋ ಹಾಗೆ ಓದು" ಅಂದರು.

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ತೆಗೀಬೇಡ್ವೇ, ವಾಸೇ ಸರಿ. ಮದುವೆಗೆ ಮುಂಚೆ ಹಾಗೇ ಇದ್ರು."