ಅಡೆಲೈಡ್‌ಳ ಕೋಣೆ

1853ರ ಒಂದು ಫ್ರೆಂಚ್ ವ್ಯಂಗ್ಯಚಿತ್ರ ವಾರದಿಂದ ನನ್ನ ತಲೆಯಲ್ಲೇ ಕೂತಿದೆ. ಓನೊರೆ ದೋಮಿಯೆ ಬರೆದದ್ದು, 'ಲ ಶಾರಿವಾರಿ' ಪತ್ರಿಕೆಗೆ. ಪ್ಯಾರಿಸ್‌ನಲ್ಲಿ ಒಂದು ಮನೆ ಕೆಡವುತ್ತಿದ್ದಾರೆ. ಗಂಡ ಹೆಂಡತಿ ನಿಂತು ನೋಡುತ್ತಿದ್ದಾರೆ. ಚಿತ್ರದ ಕೆಳಗಿನ ಸಾಲಿನಲ್ಲಿ ಗಂಡ ಹೇಳುತ್ತಾನೆ: ನೋಡು ಅಡೆಲೈಡ್, ಅದೇ ನಮ್ಮ ಪ್ರಸ್ತದ ಕೋಣೆ. ಈ ಲಿಮೂಸಾನಿನವರಿಗೆ ಯಾವುದರ ಮೇಲೂ ಗೌರವವಿಲ್ಲ, ನೆನಪುಗಳ ಬೆಲೆ ಗೊತ್ತಿಲ್ಲ.

ಅದೇ ವರ್ಷ ಓಸ್ಮಾನ್ ಪ್ಯಾರಿಸ್‌ನ ಆಡಳಿತಾಧಿಕಾರಿಯಾಗಿ ಬಂದ. ಚಕ್ರವರ್ತಿ ಮೂರನೇ ನೆಪೋಲಿಯನ್ ಬಯಸಿದ ಅಗಲವಾದ ನೇರ ರಸ್ತೆಗಳಿಗಾಗಿ ಹಳೆಯ ಓಣಿಗಳು ಉರುಳತೊಡಗಿದವು. ಒಳಚರಂಡಿ ಬಂತು, ಒಳ್ಳೆಯ ನೀರು ಬಂತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಡಿಗೆಯೂ ಏರಿತು. ದೋಮಿಯೆಯ ಇನ್ನೊಂದು ಚಿತ್ರದಲ್ಲಿ ಮನೆ ಮಾಲೀಕ ಮಸ್ಯೂ ವೋತೂರ್ ಕೆಡವುವ ಮನೆ ನೋಡಿ ಹಿಗ್ಗುತ್ತಾನೆ. ಇನ್ನೊಂದು ಮನೆ ಹೋಯಿತಲ್ಲ, ನನ್ನ ಬಾಡಿಗೆದಾರರಿಗೆ ತಲಾ ಇನ್ನೂರು ಫ್ರಾಂಕ್ ಜಾಸ್ತಿ ಮಾಡುತ್ತೇನೆ ಅನ್ನುತ್ತಾನೆ. ವೋತೂರ್ ಅಂದರೆ ರಣಹದ್ದು.

ಚಿತ್ರದ ಕೆಳಗಿನ ಸಾಲುಗಳನ್ನು ಹೆಚ್ಚಾಗಿ ಪತ್ರಿಕೆಯ ಬರಹಗಾರರೇ ಬರೆಯುತ್ತಿದ್ದರು. ಅದಕ್ಕೇ 'ಸಾಲು ಬಿಡಿ, ಗೆರೆ ನೋಡಿ' ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೆರೆ ಅದ್ಭುತ, ನಿಜ. ಆದರೆ ಗಂಡ ಬೈಯುತ್ತಿರುವುದು ಯಾರನ್ನು ಅಂತ ಗೆರೆ ಹೇಳುವುದಿಲ್ಲ, ಅಲ್ವಾ?

ಅವನು ಬೈಯುವುದು ಗಾರೆ ಕೆಲಸದವರನ್ನು. ಲಿಮೂಸಾನ್ ಮಧ್ಯ ಫ್ರಾನ್ಸ್‌ನ ಬಡ ಪ್ರಾಂತ್ಯ. ಅಲ್ಲಿನ ಗಂಡಸರು ವಸಂತದಲ್ಲಿ ಪ್ಯಾರಿಸ್‌ಗೆ ಬಂದು ಕಲ್ಲು, ಗಾರೆ ಕೆಲಸ ಮಾಡಿ ಚಳಿಗಾಲಕ್ಕೆ ಊರಿಗೆ ಮರಳುತ್ತಿದ್ದರು. ಊರಿನ ಹೆಸರೇ ಕಸುಬಿನ ಹೆಸರಾಗಿಬಿಟ್ಟಿತ್ತು. ಎಷ್ಟೋ ಮಂದಿ ನಗರಸಭೆಯ ಕಟ್ಟಡದ ಸುತ್ತಲಿನ ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ಒಟ್ಟೊಟ್ಟಿಗೆ ಮಲಗುತ್ತಿದ್ದರು. ಆ ಓಣಿಗಳನ್ನೂ ಕೆಡವಿದರು. ಕೆಡವಿದ ಕೈಗಳೂ ಅವರವೇ.

ಕೆಡವಲು ಹೇಳಿದವನ ಹೆಸರು ಆ ಸಾಲಿನಲ್ಲಿಲ್ಲ. ಇರುವಂತೆಯೂ ಇರಲಿಲ್ಲ. ಪತ್ರಿಕೆಗಳ ಬಾಯಿ ಕಟ್ಟುವ 1852ರ ಕಾನೂನು ಕತ್ತಿಯ ಹಾಗೆ ತೂಗುತ್ತಿತ್ತು. ರಾಜ ಲೂಯಿ ಫಿಲಿಪ್‌ನನ್ನು ಎಲ್ಲವನ್ನೂ ನುಂಗುವ ದೈತ್ಯನಾಗಿ ಬರೆದದ್ದಕ್ಕೆ ದೋಮಿಯೆ 1832ರಲ್ಲೇ ಜೈಲು ಕಂಡಿದ್ದ. 1835ರಲ್ಲಿ ಅಂಥದೇ ಕಾನೂನು ಬಂದಾಗ ಪತ್ರಿಕೆಯವರು ರಾಜಕೀಯ ಬಿಟ್ಟು ವಕೀಲರು, ಮಾಲೀಕರು, ಬಾಡಿಗೆದಾರರ ಕಡೆ ತಿರುಗಿದ್ದರು. ಆ ಚಿತ್ರಗಳನ್ನು 'ಸುಮ್ನೆ ದಿನನಿತ್ಯದ ತಮಾಷೆ' ಅಂತ ಪಕ್ಕಕ್ಕಿಡುವುದು ನನಗೆ ನೋವಿನ ವಿಷಯ. ಬಾಡಿಗೆಗಿಂತ ದೊಡ್ಡ ರಾಜಕೀಯ ಆ ಊರಿನಲ್ಲಿ ಯಾವುದಿತ್ತು?

ಈ ಚಿತ್ರವನ್ನು ಹಂಚಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಕೆಳಗಿನ ಆ ಸಾಲನ್ನು ಕತ್ತರಿಸಬೇಡಿ. ಅನುವಾದ ಬೇಕಾದರೆ ಕೇಳಿ, ನಾನು ಮಾಡಿಕೊಡುತ್ತೇನೆ.