ಪ್ರೊಸೆಸರ್ ಕಂಪನಿಗಳ ಪೈಪೋಟಿ: ಲ್ಯಾಪ್‌ಟಾಪ್ ಕೊಳ್ಳುವವರಿಗೆ ಲಾಭವೇ?

ಪರ: ಪೈಪೋಟಿ ಬಂದ ಮೇಲೇ ನಮಗೆ ಸಿಕ್ಕಿದ್ದು

2016ರಲ್ಲಿ ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಅಂಗಡಿಯಲ್ಲಿ ತೆಳ್ಳನೆ ಲ್ಯಾಪ್‌ಟಾಪ್ ಕೇಳಿದರೆ ಇಂಟೆಲ್ ಕಂಪನಿಯ ಐ5 ಚಿಪ್ ಆಗಲಿ, ಐ7 ಆಗಲಿ, ಹೆಚ್ಚಿನವುಗಳಲ್ಲಿ ಇರುತ್ತಿದ್ದದ್ದು ಎರಡೇ ಕೋರ್, ಅಂದರೆ ಚಿಪ್‌ನೊಳಗೆ ಕೆಲಸ ಮಾಡುವ ಎರಡೇ ಘಟಕ. ಇಂಟೆಲ್‌ಗೆ ಗಟ್ಟಿ ಎದುರಾಳಿಯೇ ಇರಲಿಲ್ಲ. ಕೊಟ್ಟಿದ್ದನ್ನು ತಗೋಬೇಕಿತ್ತು.

2017ರ ಮಾರ್ಚ್‌ನಲ್ಲಿ ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿ ಡೆಸ್ಕ್‌ಟಾಪ್‌ಗೆ ರೈಜನ್ ಚಿಪ್ ತಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಇಂಟೆಲ್‌ನ ಎಂಟನೇ ತಲೆಮಾರು ಬಂತು. ತೆಳ್ಳನೆ ಲ್ಯಾಪ್‌ಟಾಪ್‌ಗೆ ಹಾಕುವ, ಕಡಿಮೆ ವಿದ್ಯುತ್ ಬಳಸುವ ಅದೇ 15 ವಾಟ್ ಚಿಪ್, ಆದರೆ ನಾಲ್ಕು ಕೋರ್! ಪೈಪೋಟಿಯ ಬಿಸಿ ತಟ್ಟದೆ ಇದು ಆಗುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ. 2020ರಲ್ಲಿ ಎಎಂಡಿ 15 ವಾಟ್‌ನಲ್ಲೇ ಎಂಟು ಕೋರ್ ಕೊಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್‌ಗೆ ಇಂಟೆಲ್ ಚಿಪ್ ಬಿಟ್ಟು ತನ್ನದೇ ಎಂ1 ಚಿಪ್ ಹಾಕಿತು. ಬಿಸಿ ಎಷ್ಟು ಕಡಿಮೆ ಎಂದರೆ, ಅದರಲ್ಲಿ ಫ್ಯಾನೇ ಇಲ್ಲ. 2024ರಲ್ಲಿ ಮೊಬೈಲ್ ಚಿಪ್‌ಗೆ ಹೆಸರಾದ ಕ್ವಾಲ್ಕಾಮ್‌ನ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಕೂಡ ವಿಂಡೋಸ್ ಲ್ಯಾಪ್‌ಟಾಪ್‌ಗೆ ಬಂತು. ಈಗ ಜಗಳ ಬರೀ ವೇಗಕ್ಕಲ್ಲ, ಬ್ಯಾಟರಿಗೂ ಹೌದು.

ನನ್ನ ತಂಗಿ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾಳೆ. ನಾನು ಓದುವಾಗ ಬ್ಯಾಗ್‌ನಲ್ಲಿ ಚಾರ್ಜರ್ ಇಲ್ಲದೆ ಮನೆ ಬಿಡುತ್ತಿರಲಿಲ್ಲ, ಕ್ಲಾಸಿನಲ್ಲಿ ಮೊದಲು ಪ್ಲಗ್ ಪಾಯಿಂಟ್ ಪಕ್ಕದ ಸೀಟು ಹುಡುಕುತ್ತಿದ್ದೆ. ಅವಳ ಚಾರ್ಜರ್ ಮನೆಯಲ್ಲಿ ಟಿವಿ ಪಕ್ಕ ನೇತಾಡುತ್ತಿರುತ್ತೆ. ವಾಪಸ್ ಬರುವಾಗಲೂ ರೈಲಿನಲ್ಲಿ ಕೂತು ಕೆಲಸ ಮುಗಿಸುತ್ತಾಳೆ. ಸಂಜೆ ಕರೆಂಟ್ ಹೋದರೂ ಚಿಂತೆ ಇಲ್ಲ.

ವಿರೋಧ: ಚಿಪ್ ಓಡಿತು, ಹೆಸರು ದಾರಿ ತಪ್ಪಿಸಿತು

ಚಿಪ್‌ಗಳು ಸುಧಾರಿಸಿವೆ, ಒಪ್ಪುತ್ತೇನೆ. ಆದರೆ ಆ ಲಾಭ ಸಿಗೋದು ಚಿಪ್ ಹೆಸರಿನ ನಂಬರ್ ಅರ್ಥ ಮಾಡಿಕೊಳ್ಳಲು ಬರುವವರಿಗೆ ಮಾತ್ರ. ತುಮಕೂರಿನ ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ದಿನವಿಡೀ ಕೂರುವ ನನಗೆ ಇದು ಹೊಟ್ಟೆ ಉರಿಸುವ ವಿಷಯ.

ತಿಪಟೂರು ಕಡೆಯ ರೈತರೊಬ್ಬರು ಮಗಳನ್ನು ಕರ್ಕೊಂಡು ಬಂದಿದ್ದರು. ಕೊಬ್ಬರಿ ಮಾರಿದ ದುಡ್ಡು ಜೇಬಿನಲ್ಲಿತ್ತು. ಮಗಳ ಕೈಯಲ್ಲಿದ್ದ ಹಾಳೆಯಲ್ಲಿ ಎರಡು ಹೆಸರು: ರೈಜನ್ 5 7520ಯು, ರೈಜನ್ 5 7530ಯು.

“ಹತ್ತೇ ನಂಬರ್ ವ್ಯತ್ಯಾಸ ಅಲ್ವಾ ಸಾರ್, ಕಡಿಮೆ ರೇಟಿಂದೇ ಸಾಕು. ಮುಂದಿನ ವರ್ಷ ಬೇಕಾದ್ರೆ ರ್‍ಯಾಮ್ ಹಾಕಿಸ್ತೀನಿ.”

ಹತ್ತರ ವ್ಯತ್ಯಾಸ ಅಲ್ಲ ಅದು. ಮೊದಲನೆಯದರಲ್ಲಿ ನಾಲ್ಕು ಕೋರ್, ವಿನ್ಯಾಸ ಎಎಂಡಿ 2019ರಲ್ಲಿ ಶುರು ಮಾಡಿದ ಝೆನ್ 2. ಎರಡನೆಯದರಲ್ಲಿ ಆರು ಕೋರ್, ಅದರ ಮುಂದಿನ ವಿನ್ಯಾಸ ಝೆನ್ 3. ಮೊದಲ ಅಂಕಿ 7 ಹೇಳೋದು 2023ರ ಸಾಲಿನ ಚಿಪ್ ಎಂದಷ್ಟೇ. ಒಳಗಿನ ವಿನ್ಯಾಸ ಎಷ್ಟು ಹಳೆಯದು ಅನ್ನೋದು ಮೂರನೇ ಅಂಕಿಯಲ್ಲಿ ಅಡಗಿ ಕೂತಿರುತ್ತೆ. ಇಂಟೆಲ್ ಕಡೆಯೂ ಹೀಗೇ. 2024ರ ಜನವರಿಯಲ್ಲಿ ಬಂದ ಕೋರ್ 7 150ಯು ಹೆಸರಿಗೆ ಹೊಸದು, ಒಳಗಿರೋದು 13ನೇ ತಲೆಮಾರಿನ ವಿನ್ಯಾಸವೇ. ಎದುರಾಳಿಗಿಂತ ಹೊಸಬರಂತೆ ಕಾಣಲು ಇಬ್ಬರಿಗೂ ಆತುರ. ಅದಕ್ಕೆ ಹಳೇ ಸರಕಿಗೆ ಹೊಸ ನಂಬರ್.

ರ್‍ಯಾಮ್ ವಿಷಯ ಹೇಳುವಾಗ ನನಗೇ ಬೇಜಾರಾಯಿತು. 7520ಯು ಜೊತೆ ಎಲ್‌ಪಿಡಿಡಿಆರ್5 ರ್‍ಯಾಮ್ ಮಾತ್ರ ನಡೆಯುತ್ತೆ. ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಮುಂದಿನ ವರ್ಷ ಹಾಕಿಸೋಣ ಎಂದರೆ ಜಾಗವೇ ಇಲ್ಲ.

“ಇದೆಲ್ಲ ಎಲ್ಲಿ ಬರೆದಿದಾರೆ ಅಂಕಲ್?” ಎಂದಳು ಹುಡುಗಿ. ಡಬ್ಬ ತಿರುಗಿಸಿ ತೋರಿಸಿದೆ. 8 ಜಿಬಿ, 512 ಜಿಬಿ, ರೈಜನ್ 5. ಅಷ್ಟೇ ಇತ್ತು.