ಬಾಲ್ ಹಿಂದಕ್ಕೆ ಯಾಕಪ್ಪಾ ಕೊಡ್ತೀರಿ?

ಕಂಠೀರವ ಕ್ರೀಡಾಂಗಣದಲ್ಲಿ ಒಂದು ಸಂಜೆ ಸುಮ್ನೆ ಕೂತು ಕಿವಿಗೊಟ್ಟು ನೋಡಿ. ಅತಿ ಜಾಸ್ತಿ ಕೇಳಿಸುವ ಮಾತು ‘ಗೋಲ್’ ಅಲ್ಲ. ‘ಹಿಂದಕ್ಕೆ ಯಾಕಪ್ಪಾ?’ ಅನ್ನುವುದು. ಕನ್ನಡದಲ್ಲಿ ಕೇಳುವವರಿದ್ದಾರೆ, ತಮಿಳಿನಲ್ಲಿ ಕೇಳುವವರಿದ್ದಾರೆ, ಇಂಗ್ಲಿಷಿನಲ್ಲಿ ಒಂದು ಬೈಗುಳ ಸೇರಿಸಿ ಕೇಳುವ ಕಾಲೇಜು ಹುಡುಗರೂ ಇದ್ದಾರೆ. ನಮ್ಮ ಬೆಂಗಳೂರು ಎಫ್‌ಸಿ ಡಿಫೆಂಡರ್ ಕಾಲಿಗೆ ಬಾಲ್ ಬಂದಿರುತ್ತದೆ. ಮುಂದೆ ಇಡೀ ಮೈದಾನ ಬಿದ್ದಿದೆ. ಅವನು ಒಮ್ಮೆ ತಲೆಯೆತ್ತಿ ನೋಡುತ್ತಾನೆ, ನಾವೆಲ್ಲ ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತೇವೆ, ಅವನು ನಿಧಾನಕ್ಕೆ ತಿರುಗಿ ಕೀಪರ್‌ಗೆ ಕೊಡುತ್ತಾನೆ. ಕೀಪರ್ ಆ ಕಡೆ ನಿಂತವನಿಗೆ, ಆ ಕಡೆಯವನು ಮತ್ತೆ ಈ ಕಡೆಯವನಿಗೆ. ಮದುವೆ ಊಟದಲ್ಲಿ ಕೊನೆಯ ಹೋಳಿಗೆಯನ್ನು ‘ಅವರಿಗೆ ಹಾಕಿ, ಅವರಿಗೆ ಹಾಕಿ’ ಅಂತ ಪಕ್ಕದ ಎಲೆ ತೋರಿಸುತ್ತಾರಲ್ಲ, ಹಾಗೆ. ಎದ್ದವರು ಕೂರುತ್ತೇವೆ. ಆಗ ಹಿಂದಿನ ಸಾಲಿನಿಂದ ಬರುತ್ತದೆ ಆ ಮಾತು.

ನ್ಯಾಯವಾಗಿ ಹೇಳಬೇಕೆಂದರೆ ಈ ಹಿಂದಕ್ಕೆ ಕೊಡುವುದರಲ್ಲಿ ಲೆಕ್ಕಾಚಾರ ಇದೆ. ಬಾಲನ್ನು ನಮ್ಮ ಗೋಲಿನ ಹತ್ತಿರವೇ ಓಡಾಡಿಸಿದರೆ ಎದುರಾಳಿಗೆ ಆಸೆಯಾಗುತ್ತದೆ. ಕಿತ್ತುಕೊಳ್ಳೋಣ ಅಂತ ಇಬ್ಬರು ಮೂವರು ಮುಂದೆ ನುಗ್ಗುತ್ತಾರೆ. ಅವರು ಬಿಟ್ಟು ಬಂದ ಜಾಗ ಹಿಂದೆ ಖಾಲಿ ಬೀಳುತ್ತದೆ. ಆ ಕ್ಷಣದಲ್ಲಿ ಒಂದು ಚುರುಕಾದ ಪಾಸ್ ಮಧ್ಯದಲ್ಲಿರುವವನಿಗೆ ಸಿಕ್ಕರೆ ಮುಗಿಯಿತು, ನಾಲ್ಕು ಜನ ಒಟ್ಟಿಗೆ ಓಡುತ್ತಾರೆ, ಕ್ರೀಡಾಂಗಣ ಎದ್ದು ನಿಲ್ಲುತ್ತದೆ. ಮೊದಲೆಲ್ಲ ಇದು ಇನ್ನೂ ಸುಲಭವಾಗಿತ್ತು. ಹಿಂದಕ್ಕೆ ಕೊಟ್ಟ ಬಾಲನ್ನು ಕೀಪರ್ ಕೈಯಲ್ಲಿ ಹಿಡಿದುಕೊಂಡು ಹೊತ್ತು ಕಳೆಯಬಹುದಿತ್ತು. 1990ರ ಇಟಲಿ ವಿಶ್ವಕಪ್ಪಿನಲ್ಲಿ ಅದನ್ನು ನೋಡಿ ನೋಡಿ ಜಗತ್ತೇ ಆಕಳಿಸಿದ ಮೇಲೆ, 1992ರಲ್ಲಿ ನಿಯಮ ಬದಲಾಯಿಸಿದರು. ತನ್ನ ತಂಡದವನು ಬೇಕೆಂದೇ ಕಾಲಿನಲ್ಲಿ ಕೊಟ್ಟ ಬಾಲನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಅಂದರೆ ಹಿಂದಕ್ಕೆ ಕೊಟ್ಟರೆ ಜನಕ್ಕೆ ಬೇಜಾರಾಗುತ್ತದೆ ಅನ್ನುವುದನ್ನು ಫುಟ್‌ಬಾಲಿನ ಕಾನೂನು ಬರೆಯುವವರೇ ಒಪ್ಪಿಕೊಂಡಿದ್ದಾರೆ. ನಮ್ಮ ಹಿಂದಿನ ಸಾಲಿನವನು ಸುಮ್ನೆ ಕೂಗುತ್ತಿಲ್ಲ.

ತೊಂದರೆ ಏನೆಂದರೆ, ಈ ಬಲೆ ಕೆಲಸ ಮಾಡಬೇಕಾದರೆ ಪಾಸ್ ಜೋರಾಗಿ ಹೋಗಬೇಕು. ಬಾಲ್ ತೂಕಡಿಸುತ್ತಾ ಉರುಳಿದರೆ ಎದುರಾಳಿ ಯಾಕೆ ನುಗ್ಗುತ್ತಾನೆ? ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಲ್ಲುತ್ತಾನೆ. ನಾವೂ ನೋಡುತ್ತೇವೆ. ಇದರ ಜೊತೆಗೆ ಕಂಠೀರವದ್ದೇ ಒಂದು ಕಷ್ಟ. ಅದು ಫುಟ್‌ಬಾಲಿಗೆಂದೇ ಕಟ್ಟಿದ್ದಲ್ಲ. ಮೈದಾನಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಕೆಳಗಿನ ಸಾಲಿನಲ್ಲಿ ಕೂತರೆ ಆಟ ಚಪ್ಪಟೆಯಾಗಿ ಕಾಣುತ್ತದೆ, ಆ ತುದಿಯಲ್ಲಿ ನಡೆಯುವುದೆಲ್ಲ ಬರೀ ಕಾಲುಗಳ ಕಾಡು. ಖಾಲಿ ಜಾಗ ಎಲ್ಲಿದೆ ಅಂತ ಟಿವಿಯಲ್ಲಿ ನೋಡುವವರಿಗೆ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಆದರೂ ನಾವು ಕೂಗುತ್ತೇವೆ, ದುಡ್ಡು ಕೊಟ್ಟು ಬಂದಿದ್ದೇವೆ ಅಲ್ವಾ? (ಅಂದಹಾಗೆ ಈ ಜಾಗ ಮೊದಲು ಸಂಪಂಗಿ ಕೆರೆಯಾಗಿತ್ತು. ಕೆರೆ ಬತ್ತಿಸಿ ಕ್ರೀಡಾಂಗಣ ಕಟ್ಟಿದರು. ಮಳೆ ಬಂದು ಪಂದ್ಯ ಕೆಸರಾದ ದಿನ ಯಾರಾದರೊಬ್ಬರು ಇದನ್ನು ನೆನಪಿಸದೆ ಬಿಡುವುದಿಲ್ಲ.)

ಸೋಲಿಗೆ ನಾವು ಇಷ್ಟೊಂದು ಸಿಟ್ಟಾಗುವುದು ಯಾಕೆ ಅಂತ ಯೋಚಿಸಿದರೆ ನನಗೆ ಹೊಳೆಯುವುದು ಒಂದೇ ಕಾರಣ. ಈ ತಂಡ ಹುಟ್ಟಿದ ವರ್ಷವೇ ಗೆದ್ದುಬಿಟ್ಟಿತು. 2013ರಲ್ಲಿ ಶುರುವಾದ ಕ್ಲಬ್, 2014ರ ಏಪ್ರಿಲ್‌ನಲ್ಲಿ ಮಡಗಾಂವ್‌ನಲ್ಲಿ ಗೋವಾದ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಎತ್ತಿಕೊಂಡು ಬಂತು. ಮರುವರ್ಷ ಫೆಡರೇಷನ್ ಕಪ್, ಅದರ ಮರುವರ್ಷ ಮತ್ತೆ ಐ-ಲೀಗ್. 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಫೈನಲ್‌ಗೇ ಹೋಯಿತು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ತಂಡದ ಎದುರು 1-0ರಿಂದ ಸೋತಾಗಲೂ ನಾವು ಎದೆಯುಬ್ಬಿಸಿಕೊಂಡೇ ಓಡಾಡಿದೆವು. ಅಲ್ಲಿಯವರೆಗೆ ಭಾರತದ ಕ್ಲಬ್ ಯಾವುದೂ ಆ ಫೈನಲ್ ಮುಟ್ಟಿರಲಿಲ್ಲ. ಗೆಲುವು ಅಂದರೆ ತಿಂಗಳಿಗೊಮ್ಮೆ ಬರುವ ಸಂಬಳ ಅಂತ ಅಂದುಕೊಂಡ ಅಭಿಮಾನಿಗಳು ನಾವು.

ಇದೇ ಊರಿನಲ್ಲಿ, ಕಬ್ಬನ್ ಪಾರ್ಕಿನ ಇನ್ನೊಂದು ಮಗ್ಗುಲಲ್ಲಿ, ಪೂರ್ತಿ ತದ್ವಿರುದ್ಧ ಶಾಲೆ ನಡೆಯುತ್ತಿತ್ತು. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ತನ್ನ ಜನಕ್ಕೆ ಸೋಲುವುದನ್ನು ಕಲಿಸಿತು. ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಅನ್ನುವುದು, ಮೇ ತಿಂಗಳಲ್ಲಿ ಕ್ಯಾಲ್ಕುಲೇಟರ್ ಹಿಡಿದು ರನ್‌ರೇಟ್ ಲೆಕ್ಕ ಹಾಕುವುದು, ಆಮೇಲೆ ತಮ್ಮನ್ನೇ ಗೇಲಿ ಮಾಡಿಕೊಂಡು ನಗುವುದು. 2025ರ ಜೂನ್ 3ರಂದು ಕಪ್ ಬರುವ ಹೊತ್ತಿಗೆ ಆರ್‌ಸಿಬಿ ಅಭಿಮಾನಿ ಸಂತನಾಗಿದ್ದ. ನಮಗೆ ಆ ತರಬೇತಿ ಸಿಗಲೇ ಇಲ್ಲ. ಸೋತರೆ ನಗುವುದು ಹೇಗೆ ಅಂತ ನಮಗೆ ಗೊತ್ತಿಲ್ಲ. ಎರಡೂ ತಂಡಕ್ಕೆ ಕೂಗುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬನೇ ಮನುಷ್ಯ ಚಿನ್ನಸ್ವಾಮಿಯಲ್ಲಿ ಬುದ್ಧ, ಕಂಠೀರವದಲ್ಲಿ ದೂರ್ವಾಸ.

ಮೊದಲ ಪೆಟ್ಟು ನನಗೆ ಚೆನ್ನಾಗಿ ನೆನಪಿದೆ. 2018ರ ಮಾರ್ಚ್ 17, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್, ನಮ್ಮದೇ ಮನೆಯಲ್ಲಿ, ಎದುರಿಗೆ ಚೆನ್ನೈಯಿನ್. ಲೀಗಿನಲ್ಲಿ ನಾವೇ ಮೊದಲ ಸ್ಥಾನ. ಒಂಬತ್ತನೇ ನಿಮಿಷಕ್ಕೇ ನಮ್ಮ ನಾಯಕ ಸುನಿಲ್ ಛೆಟ್ರಿ ತಲೆಯಿಂದ ಗೋಲ್ ಹೊಡೆದಾಗ ಮನೆಗೆ ಹೋಗುವಾಗ ಪಟಾಕಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸುವವರೂ ಇದ್ದರು. ಆಮೇಲೆ ಮೈಲ್ಸನ್ ಆಲ್ವೆಸ್ ಅನ್ನುವ ಎತ್ತರದ ಡಿಫೆಂಡರ್ ಒಂದು ಕಾರ್ನರ್‌ಗೆ ಹಾರಿ ತಲೆ ಕೊಟ್ಟ. ಅರ್ಧ ಆಟ ಮುಗಿಯುವ ಮೊದಲು ಇನ್ನೊಂದು ಕಾರ್ನರ್. ಮತ್ತೆ ಅವನೇ, ಮತ್ತೆ ತಲೆಯೇ. ಒಂದು ಸಲ ಹೊಡೆದವನನ್ನು ಎರಡನೇ ಸಲ ಯಾರೂ ಹಿಡಿದುಕೊಳ್ಳಲಿಲ್ಲವಾ ಅನ್ನುವ ಪ್ರಶ್ನೆಗೆ ಇವತ್ತಿಗೂ ನಮ್ಮಲ್ಲಿ ಒಮ್ಮತ ಇಲ್ಲ. 3-2ರಲ್ಲಿ ಸೋತೆವು. ಮರುವರ್ಷ ಮುಂಬೈಯಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ಕಾರ್ನರ್‌ಗೇ ರಾಹುಲ್ ಭೇಕೆ ತಲೆ ಕೊಟ್ಟು ನಮಗೆ ಕಪ್ ತಂದರು ಅನ್ನಿ. ಆದರೆ ಸೋತ ಕಾರ್ನರ್ ನೆನಪಿರುವಷ್ಟು ಗೆದ್ದ ಕಾರ್ನರ್ ನೆನಪಿರುವುದಿಲ್ಲ.

ಅಲ್ಲಿಂದ ಮುಂದೆ ಇಳಿಜಾರು. ಕಪ್ ತಂದುಕೊಟ್ಟ ಸ್ಪ್ಯಾನಿಷ್ ಕೋಚ್ ಕಾರ್ಲೆಸ್ ಕ್ವಾದ್ರಾತ್ 2021ರ ಜನವರಿಯಲ್ಲಿ ಸೀಸನ್ ನಡುವೆಯೇ ಹೊರಟರು, ನಾವು ಏಳನೇ ಸ್ಥಾನಕ್ಕೆ ಬಂದೆವು. ಆಮೇಲೆ ಒಬ್ಬ ಜರ್ಮನ್, ಆಮೇಲೆ ಒಬ್ಬ ಇಂಗ್ಲಿಷ್, ಆಮೇಲೆ ಮತ್ತೆ ಒಬ್ಬ ಸ್ಪ್ಯಾನಿಷ್. ಕೋಚ್ ಬದಲಾದಾಗಲೆಲ್ಲ ಆಟದ ಆಕಾರವೂ ಬದಲು. ನಾಲ್ಕು ಡಿಫೆಂಡರ್ ಅಂತ ಒಬ್ಬರು ಹೇಳಿಕೊಟ್ಟಿದ್ದನ್ನು ಮೂರು ಡಿಫೆಂಡರ್ ಅಂತ ಇನ್ನೊಬ್ಬರು ಅಳಿಸುತ್ತಾರೆ. ಆಟಗಾರರಿಗೆ ಅದು ಅಭ್ಯಾಸವಾಗುವ ಹೊತ್ತಿಗೆ ಮೂರನೆಯವರ ವಿಮಾನ ದೇವನಹಳ್ಳಿಯಲ್ಲಿ ಇಳಿದಿರುತ್ತದೆ.

2023ರ ಡಿಸೆಂಬರ್‌ನಲ್ಲಿ ಮುಂಬೈ ತಂಡ ಬಂದು ನಮ್ಮ ಮೈದಾನದಲ್ಲೇ 4-0 ಬಾರಿಸಿ ಹೋಯಿತು. ನಮ್ಮ ಇಂಗ್ಲಿಷ್ ಕೋಚ್ ಸೈಮನ್ ಗ್ರೇಸನ್ ಕೆಲಸವೂ ಅದರೊಂದಿಗೇ ಹೋಯಿತು. ಆ ಸೀಸನ್ ಹನ್ನೆರಡು ತಂಡಗಳಲ್ಲಿ ನಾವು ಹತ್ತನೆಯವರು. ಬೇರೆ ದೇಶಗಳಲ್ಲಾಗಿದ್ದರೆ ಇಂಥ ಹೊತ್ತಿನಲ್ಲಿ ಕೆಳಗಿನ ಲೀಗಿಗೆ ಬೀಳುವ ಭಯ ಇರುತ್ತಿತ್ತು, ಜನ ದೇವರಿಗೆ ಹರಕೆ ಹೊತ್ತುಕೊಳ್ಳುತ್ತಿದ್ದರು. ನಮ್ಮ ಲೀಗಿನಲ್ಲಿ ಅದೂ ಇರಲಿಲ್ಲ. ಮೇಲೆ ಹೋಗುವ ಆಸೆ ಮುಗಿದಿದೆ, ಕೆಳಗೆ ಬೀಳುವ ಭಯ ಇಲ್ಲ. ಇನ್ನು ಉಳಿದ ಪಂದ್ಯಗಳನ್ನು ನೋಡುವುದು ಯಾಕೆ? ನನ್ನ ಪ್ರಕಾರ ನಿಜವಾದ ಹಿಂಸೆ ಅದೇ. ಸೋಲಲ್ಲ, ಸೋತರೂ ಏನೂ ಆಗುವುದಿಲ್ಲ ಅನ್ನುವುದು. ಅಂಥ ಒಂದು ಸಂಜೆಯಲ್ಲಿ ಬಾಲ್ ಹಿಂದಕ್ಕೆ ಹೋದರೆ ಹೊಟ್ಟೆ ಉರಿಯದೆ ಇರುತ್ತದಾ?

ಹಾಗಂತ ನಮ್ಮ ಮಾತು ಕೇಳಿದ್ದರೆ ತಂಡ ಉದ್ಧಾರ ಆಗುತ್ತಿತ್ತು ಅಂತಲೂ ಅಲ್ಲ. ಇದೇ ಗ್ರೇಸನ್ 2022-23ರಲ್ಲಿ ಶುರುವಿನಲ್ಲಿ ಸಾಲು ಸಾಲು ಸೋತಾಗ ಸ್ಟ್ಯಾಂಡಿನಲ್ಲಿ ಅವರಿಗೆ ಆಗಲೇ ಟಿಕೆಟ್ ಬುಕ್ ಮಾಡಿ ಆಗಿತ್ತು. ಸಾಲದ್ದಕ್ಕೆ ಛೆಟ್ರಿಯನ್ನೇ ಬೆಂಚಿನಲ್ಲಿ ಕೂರಿಸಿದರು. ದೇವಸ್ಥಾನದಲ್ಲಿ ಮೂಲ ವಿಗ್ರಹ ತೆಗೆದಷ್ಟೇ ಗಲಾಟೆ ಆಯಿತು. ಆ ಮನುಷ್ಯ ತಲೆಕೆಡಿಸಿಕೊಳ್ಳಲಿಲ್ಲ, ಲೀಗಿನಲ್ಲಿ ಸತತ ಎಂಟು ಪಂದ್ಯ ಗೆದ್ದು ನಾಲ್ಕನೇ ಸ್ಥಾನಕ್ಕೆ ತಂದು ನಿಲ್ಲಿಸಿದರು. ಮುಂದಿನ ಪ್ಲೇಆಫ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಬೆಂಚಿನಿಂದ ಎದ್ದು ಬಂದ ಛೆಟ್ರಿ, ಅವರು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು ಗೋಲ್ ಮಾಡಿದ್ದು, ಬ್ಲಾಸ್ಟರ್ಸ್ ಸಿಟ್ಟಿನಿಂದ ಮೈದಾನ ಬಿಟ್ಟು ಹೊರಟೇ ಹೋಗಿದ್ದು ನಿಮಗೆ ಗೊತ್ತಿದೆ. ಆ ರಾತ್ರಿ ನಾವೆಲ್ಲ ಗ್ರೇಸನ್ ಪಕ್ಷ. ಅವರ ಮೂರು ಡಿಫೆಂಡರ್ ಪದ್ಧತಿಯನ್ನು ಅಲ್ಲಿಯವರೆಗೆ ಬೈದವರೇ ಅದು ಎಂಥ ದೂರದೃಷ್ಟಿ ಅಂತ ಪಕ್ಕದವರಿಗೆ ಪಾಠ ಮಾಡಿದರು.

ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬರು ಹಿರಿಯರು ಬರುತ್ತಾರೆ, ಆಸ್ಟಿನ್ ಟೌನ್ ಕಡೆಯವರು. ಅವರಿಗೆ ಈಗಿನ ಸೋಲೆಲ್ಲ ಸೋಲೇ ಅಲ್ಲ. ‘1948ರ ಲಂಡನ್ ಒಲಿಂಪಿಕ್ಸ್ ಗೊತ್ತಾ ಮಗಾ? ಫ್ರಾನ್ಸ್ ಎದುರು ನಮ್ಮ ಬೆಂಗಳೂರಿನ ರಾಮನ್ ಗೋಲ್ ಹೊಡೆದ್ರು. ಎರಡು ಪೆನಾಲ್ಟಿ ಸಿಕ್ತು. ಎರಡೂ ಹೋಯ್ತು. 2-1 ಸೋತ್ವಿ.’ ಆ ಪಂದ್ಯ ನಡೆದಾಗ ಇವರು ಹುಟ್ಟಿದ್ದರೋ ಇಲ್ಲವೋ, ಆದರೆ ಪೆನಾಲ್ಟಿ ತಪ್ಪಿಸಿದ್ದಕ್ಕೆ ನಿನ್ನೆ ನಡೆದ ಹಾಗೆ ಮುಖ ಸಿಂಡರಿಸುತ್ತಾರೆ. ಹೊಟ್ಟೆಯುರಿಯೂ ಆಸ್ತಿಯ ಹಾಗೆ ಅಪ್ಪನಿಂದ ಬರುತ್ತದೇನೋ.

ನಾವು ಬೈಯುವುದಕ್ಕೆ ಅನುಮತಿ ಕೊಟ್ಟವರು ಸ್ವತಃ ನಮ್ಮ ನಾಯಕರೇ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ಸ್ಟ್ಯಾಂಡುಗಳು ಖಾಲಿ ಹೊಡೆಯುತ್ತಿದ್ದವು. ಮರುದಿನ ಛೆಟ್ರಿ ವಿಡಿಯೊ ಮಾಡಿ, ಬೈಯಿರಿ, ಟೀಕಿಸಿ, ಆದರೆ ಬಂದು ನೋಡಿ ಅಂತ ಕೇಳಿಕೊಂಡರು. ಕೆನ್ಯಾ ಎದುರಿನ ಮುಂದಿನ ಪಂದ್ಯಕ್ಕೆ ಟಿಕೆಟ್ ಎಲ್ಲ ಖರ್ಚಾದವು. ಛೆಟ್ರಿಯವರ ಆ ಮನವಿಯ ಮೊದಲ ಭಾಗವನ್ನಂತೂ ನಾವು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ. ಅವರನ್ನು ಮಾತ್ರ ಬೈಯುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. 2024-25ರಲ್ಲಿ ನಲವತ್ತು ದಾಟಿದ ಮನುಷ್ಯ ಹದಿನಾಲ್ಕು ಗೋಲ್ ಹೊಡೆದರು. ಅವರ ಅರ್ಧ ವಯಸ್ಸಿನವರು ಯಾಕೆ ಹೊಡೆಯಲಿಲ್ಲ ಅಂತ ಆ ಹುಡುಗರನ್ನು ಬೈದೆವು.

ಆ ಸೀಸನ್ನೂ ವಿಚಿತ್ರವೇ. 4-0 ಹೊಡೆದು ಹೋಗಿದ್ದ ಅದೇ ಮುಂಬೈಯನ್ನು ಅದೇ ಕಂಠೀರವದಲ್ಲಿ ಪ್ಲೇಆಫ್‌ನಲ್ಲಿ 5-0ರಿಂದ ಸೋಲಿಸಿದೆವು. ಫೈನಲ್‌ನಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಮುನ್ನಡೆಯಲ್ಲಿದ್ದು, ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಐದು ಗೋಲ್ ಹೊಡೆದ ರಾತ್ರಿ ಸ್ಟ್ಯಾಂಡಿನಿಂದ ಹೊರಗೆ ಬರುವಾಗ ಕಸ್ತೂರಬಾ ರಸ್ತೆಯಲ್ಲಿ ಡೋಲು ಬಡಿಯುತ್ತಿದ್ದರು, ಅಪರಿಚಿತರು ಅಪ್ಪಿಕೊಳ್ಳುತ್ತಿದ್ದರು. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿದರೆ ಎದುರಿಗೆ ನೀಲಿ ಜೆರ್ಸಿ ಹಾಕಿದ ಒಬ್ಬರು ಸಪ್ಪಗೆ ನಿಂತಿದ್ದರು.

‘ಏನ್ ಸರ್, ಐದು ಗೋಲ್! ಖುಷಿಯಾಗ್ಲಿಲ್ವಾ?’ ಅಂದೆ.

‘ಖುಷಿ ಆಯ್ತು ಸರ್,’ ಅಂದರು. ‘ಆದ್ರೆ ಮೂರು ಗೋಲ್ ಆದ್ಮೇಲೂ ಹಿಂದಕ್ಕೆ ಯಾಕೆ ಕೊಡ್ತಿದ್ರು? ಅದೊಂದು ಅರ್ಥ ಆಗ್ಲಿಲ್ಲ.’

ಮೆಜೆಸ್ಟಿಕ್ ಬರುವವರೆಗೂ ಚರ್ಚೆ ನಡೆಯಿತು. ಡಬ್ಬಿಯಲ್ಲಿದ್ದ ಇನ್ನೂ ನಾಲ್ಕೈದು ಜನ ಸೇರಿಕೊಂಡರು. ಒಬ್ಬ ಹುಡುಗ ಮೊಬೈಲಿನಲ್ಲಿ ಚುಕ್ಕೆ ಹಾಕಿ ಬಾಣ ಎಳೆದು ತೋರಿಸಿದ. ಇವರು ಒಪ್ಪಲಿಲ್ಲ. ಬಾಗಿಲು ತೆರೆಯಿತು, ಇಳಿದರು, ಪ್ಲಾಟ್‌ಫಾರ್ಮಿನಿಂದ ತಿರುಗಿ ಕೂಗಿದರು: ‘ಮೊದ್ಲು ಆ ಲೆಫ್ಟ್ ಬ್ಯಾಕ್‌ನ ಚೇಂಜ್ ಮಾಡ್ಬೇಕು ಸರ್!’